ಮಿದುಳಿನ ಪೆಪ್ಟೈಡುಗಳೂ ಪ್ರಾಣಿಗಳ ಚಲನೆಯೂ

ನಾನಾರ್ಥಕವಾದ ಶಬ್ದದ ಅರ್ಥವನ್ನು ನಿಶ್ಚಯಿಸುವಾಗ ಪ್ರಕರಣವನ್ನು ನೋಡತಕ್ಕದ್ದೆಂದು ನಮ್ಮ ಶಾಸ್ತ್ರಕಾರರು ವಿಧಿಸಿರುವರು. ‘ಸೈಂಧವವನ್ನು ತಾ’ ಎಂದರೆ ಭೋಜನಕಾಲದಲ್ಲಿ ಉಪ್ಪೆಂದೂ ಪ್ರಯಾಣಕಾಲದಲ್ಲಿ ಕುದುರೆಯೆಂದೂ ತಿಳಿಯಬೇಕಷ್ಟೆ. ಮಿದುಳಿನ ಪೆಪ್ಟೈಡುಗಳ ವಿಷಯದಲ್ಲಿಯೂ ಇದಕ್ಕೆ ಸದೃಶವಾದ ನ್ಯಾಯವೊಂದು ಕಂಡುಬರುವುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಕೆಲವು ಅಮೈನೋ ಆಮ್ಲಗಳು ಒಂದಕ್ಕೊಂದು ಕೂಡಿ ಆದ ಕಿರುಸರಪಣಿಯೇ ಪೆಪ್ಟೈಡ್. ಡೋಪಮೀನ್ ಎಂಬುದಾದರೋ ಪೆಪ್ಟೈಡಲ್ಲ; ಒಂದು ನರಕೋಶವು ಮತ್ತೊಂದಕ್ಕೆ ಸಂದೇಶವನ್ನು ಮುಟ್ಟಿಸಲು ಹೊರಬಿಡುವ ಸಣ್ಣ ಅಣು. ಚಲನೆಗೆ ಇದು ಎಷ್ಟು ಅವಶ್ಯಕವೆಂಬುದು ಸ್ವೀಡನ್ ದೇಶದ ಆರ್ವಿಡ್ ಕಾರ್ಲ್‌ಸನ್ನರು 1957ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ವಿಶದವಾಗತೊಡಗಿತು. ನಮ್ಮ ವೈದ್ಯರಿಗೆ ಚಿರಪರಿಚಿತವಾದ ಸರ್ಪಗಂಧಿಯ ಬೇರಿನಲ್ಲಿರುವ ರೆಸರ್ಪೀನನ್ನು ಕೊಟ್ಟಾಗ ಮೊಲಗಳು ನಿಶ್ಚೇಷ್ಟಿತವಾದುವು. ಡೋಪಮೀನಿಗೆ ಉಪಾದಾನವಾದ ಡೋಪಾ ದ್ರವ್ಯವನ್ನು ಕೊಡಲು ಮತ್ತೆ ಚಲಿಸಿದುವು. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಪಾರಿತೋಷಕವು ಲಭಿಸಿತು.

ಈಗ ಪ್ರಕೃತವನ್ನು ನೋಡೋಣ. ಕ್ಯಾರವೇ ಮತ್ತು ಲೀಮನ್ ಎಂಬ ವಿಜ್ಞಾನಿಗಳು ದನದ ಮಿದುಳಿನಿಂದ ಬೇರ್ಪಡಿಸಿ 1973ರಲ್ಲಿ ವಿವರಿಸಿದ ನ್ಯೂರೋಟೆನ್ಸಿನ್ 13 ಅಮೈನೋ ಆಮ್ಲಗಳ ಪೆಪ್ಟೈಡು. ಡೋಪಮೀನ್ ಕೋಶಗಳ ನೆಲೆಯಾದ ನಡುಮಿದುಳಿನ ‘ವೆಂಟ್ರಲ್ ಟೆಗ್ಮೆಂಟಲ್’ ಪ್ರದೇಶಕ್ಕೆ ಇದನ್ನು ಸೇರಿಸಿದರೆ, ಆ ಕೋಶಗಳು ಉದ್ದೀಪ್ತವಾಗಿ ತಮ್ಮ ತಂತುಗಳ ಕೊನೆಯಲ್ಲಿ ಡೋಪಮೀನನ್ನು ಅಧಿಕವಾಗಿ ಹೊರಬಿಡುವುವು; ಇಲಿಯ ಓಡಾಟವು ಹೆಚ್ಚುವುದು. ಆ ತಂತುಗಳು ಹೋಗಿ ಮುಟ್ಟುವ ಮುಂಮಿದುಳಿನ ‘ನ್ಯೂಕ್ಲಿಯಸ್ ಅಕ್ಯುಂಬೆನ್ಸ್’ ಎಂಬಲ್ಲಿಗೆ ಅದನ್ನೇ ಸೇರಿಸಿದರೆ ಫಲವು ವಿಪರೀತ: ಡೋಪಮೀನಿನಿಂದ ಹುಟ್ಟುವ ಓಡಾಟವು ಕುಗ್ಗುವುದು. ದ್ರವ್ಯವು ಒಂದೇ, ಸ್ಥಾನಭೇದದಿಂದ ಕಾರ್ಯಭೇದ.

1975ರಲ್ಲಿ ಹಂದಿಯ ಮಿದುಳಿನಿಂದ ಗುರುತಿಸಲ್ಪಟ್ಟ, ಐದೇ ಅಮೈನೋ ಆಮ್ಲಗಳ ಎನ್‌ಕೆಫಾಲಿನ್‌ಗಳ ಮಾರ್ಗವು ಬೇರೆ. ಇವು ಅಫೀಮಿನ ಸಾರವಾದ ಮಾರ್ಫೀನಿನಂತೆ ಕೋಶಗಳನ್ನು ಅಡಗಿಸತಕ್ಕವು. ಆದರೂ ಮೇಲೆ ಹೇಳಿದ ನಡುಮಿದುಳಿನಲ್ಲಿ ಇವುಗಳಿಂದ ಓಡಾಟವು ಹೆಚ್ಚುವುದು. ಇದು ಹೇಗೆ? ಅಲ್ಲಿ ಡೋಪಮೀನ್ ಕೋಶಗಳನ್ನು ಸದಾ ತಡೆಹಿಡಿದಿರುವ ನೆರೆಯ ಕೋಶಗಳನ್ನು ಇವು ಅಡಗಿಸುವುವು. ತಡೆಯೇ ತಡೆಯಲ್ಪಡಲು ಡೋಪಮೀನು ಬಿಡುಗಡೆ ಹೊಂದುವುದು. ಅಭಾವದ ಅಭಾವವು ಭಾವವೇ ಎಂಬ ತಾರ್ಕಿಕರ ಮಾತು ಇಲ್ಲಿ ಸ್ಮರಣೀಯ.

ಇದು ಕೇವಲ ಕುತೂಹಲದ ವಿಷಯವಲ್ಲ. ಪಾರ್ಕಿನ್ಸನ್ ರೋಗದಲ್ಲಿ ಡೋಪಮೀನ್ ಕೋಶಗಳು ನಶಿಸಿ ಅಂಗಗಳು ನಡುಗುವುವು, ಬಿಗಿಯುವುವು. ಚಿತ್ತವಿಭ್ರಮಕ್ಕೆ ಕೊಡುವ ಅನೇಕ ಔಷಧಗಳಾದರೋ ಡೋಪಮೀನಿನ ಕಾರ್ಯವನ್ನು ತಡೆದು ಚಿತ್ತವನ್ನು ಶಮನಗೊಳಿಸುವುವಾದರೂ, ಕೆಲವರಲ್ಲಿ ಅಂಥದೇ ನಡುಕವನ್ನೂ ಬಿಗಿತವನ್ನೂ ಹುಟ್ಟಿಸುವುವು. ಎಲ್ಲಿ ಹೆಚ್ಚಿಸಬೇಕು, ಎಲ್ಲಿ ತಗ್ಗಿಸಬೇಕೆಂಬ ವಿವೇಕವಿಲ್ಲದಿದ್ದರೆ ಒಂದು ರೋಗದ ಪರಿಹಾರವು ಮತ್ತೊಂದಕ್ಕೆ ಕಾರಣವಾದೀತು. ಆದಕಾರಣ ಒಂದು ಪೆಪ್ಟೈಡನ್ನು ‘ಉತ್ತೇಜಕ’ವೆಂದಾಗಲಿ ‘ಶಾಮಕ’ವೆಂದಾಗಲಿ ಸ್ಥಾನನಿರ್ದೇಶವಿಲ್ಲದೆ ಕರೆಯುವುದು, ಪ್ರಕರಣವನ್ನರಿಯದೆ ಊಟದ ಎಲೆಯ ಮುಂದಕ್ಕೆ ಕುದುರೆಯನ್ನು ತಂದಂತೆಯೇ ಸರಿ.