ಮೂರು ಹಳ್ಳಿ ಬಿಟ್ಟರೂ ಏಳದ ಧರಣಿ

2025ರ ಜೂನ್ 24ರಂದು ರಾಜ್ಯ ಸರ್ಕಾರ ರಾಜಿಸೂತ್ರವೊಂದನ್ನು ಮುಂದಿಟ್ಟಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನದಲ್ಲಿ ಮೂರು ಹಳ್ಳಿಗಳ 495 ಎಕರೆ ಕೈಬಿಡುತ್ತೇವೆ, ಉಳಿದ 1,282 ಎಕರೆ ಬೇಕೇ ಬೇಕು ಎಂದಿತು. ಮರುದಿನವೇ ರೈತರ ‘ದೇವನಹಳ್ಳಿ ಚಲೋ’. ಸಂಜೆಗೆ ಪೊಲೀಸರು ಧರಣಿ ಕೂತವರನ್ನು ಎಳೆದು ವಾಹನ ಹತ್ತಿಸಿದರು. ಆದರೂ ಜಮೀನು ಉಳಿಯಿತೆಂದು ಆ ಮೂರು ಹಳ್ಳಿಯವರು ಬೇರೆಯಾಗಲಿಲ್ಲ. ಈ ಹೋರಾಟ ಗೆದ್ದದ್ದು ಅಲ್ಲೇ ಎಂಬುದು ನನ್ನ ಎಣಿಕೆ.

ವೈಮಾನಿಕ ಮತ್ತು ರಕ್ಷಣಾ ಪಾರ್ಕಿಗೆಂದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಅಧಿಸೂಚನೆ ಹೊರಡಿಸಿದ್ದು 2022ರ ಜನವರಿಯಲ್ಲಿ. ಏಪ್ರಿಲ್ 4ಕ್ಕೆ ಧರಣಿ ಶುರು. ಇದು ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿಯ ಸೀಮೆ. ಬೆಳಗಾದರೆ ಡೇರಿಗೆ ಹಾಲು ಹಾಕುವ ಮನೆಗಳು. ಹಿಡುವಳಿಗಳು ಸಣ್ಣವು, ದಲಿತ ಕುಟುಂಬಗಳು ಬಹಳ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲಿನ ಜಮೀನಿನ ಬೆಲೆ ಎಲ್ಲಿಗೆ ಹೋಯಿತೆಂದು ಎಲ್ಲರೂ ಕಂಡಿದ್ದಾರೆ. ಪರಿಹಾರದ ದುಡ್ಡಿಗೆ ಪಕ್ಕದೂರಲ್ಲಿ ಅಷ್ಟೇ ಜಮೀನು ಸಿಗುವುದಿಲ್ಲ ಎಂಬ ಲೆಕ್ಕ ಗೊತ್ತಿದ್ದೇ ಅವರು ಕೂತದ್ದು.

ಸಿಕ್ಕಷ್ಟು ಹಿಡಿದು ಚದುರಿದರೆ ಏನಾಗುತ್ತದೆ ಎಂಬುದಕ್ಕೆ 1381ರ ಇಂಗ್ಲೆಂಡಿನ ರೈತ ದಂಗೆ ಇಲ್ಲಿ ನೆನಪಾಗುತ್ತದೆ. 1348ರ ಮಹಾಮಾರಿಯಲ್ಲಿ ಜನ ಸತ್ತು ಆಳುಗಳಿಗೆ ಬರ ಬಂದಿತ್ತು. ಕೂಲಿ ಏರದಂತೆ 1351ರಲ್ಲಿ ಕಾನೂನು ಮಾಡಿದರು. ಮೇಲೆ ಫ್ರಾನ್ಸ್ ಜೊತೆಗಿನ ಯುದ್ಧದ ಖರ್ಚಿಗೆ ತಲೆಗಂದಾಯ. ಎಸೆಕ್ಸ್, ಕೆಂಟ್ ಸಿಡಿದವು. ರೈತರು ಜೀತದ ಲೆಕ್ಕವಿದ್ದ ಜಮೀನ್ದಾರಿ ದಫ್ತರಗಳನ್ನೇ ಹುಡುಕಿ ಸುಟ್ಟರು. (ಪಹಣಿಯಲ್ಲಿ ಹೆಸರು ಹೋದ ರೈತನಿಗೆ ಆ ಸಿಟ್ಟು ವಿವರಿಸಬೇಕಿಲ್ಲ.) ಜೂನ್ 14ರಂದು 14 ವರ್ಷದ ರಾಜ ಎರಡನೇ ರಿಚರ್ಡ್ ಜೀತಮುಕ್ತಿಯ ಪತ್ರ ಕೊಡಿಸಿದ, ಪತ್ರ ಸಿಕ್ಕ ಹಲವರು ಊರ ದಾರಿ ಹಿಡಿದರು. ಮರುದಿನ ನಾಯಕ ವಾಟ್ ಟೈಲರ್ ರಾಜನ ಕಣ್ಣೆದುರೇ ಹತನಾದ. ಜುಲೈ 2ಕ್ಕೆ ಪತ್ರಗಳು ರದ್ದು.

ದೇವನಹಳ್ಳಿಯಲ್ಲೂ ಒಂದು ಮಾತು ಕೊಟ್ಟಾಗಿತ್ತು. ವಿರೋಧ ಪಕ್ಷದಲ್ಲಿದ್ದಾಗ ಸಿದ್ದರಾಮಯ್ಯ ಧರಣಿಗೆ ಬಂದು ಬೆಂಬಲ ಹೇಳಿ ಹೋಗಿದ್ದರು. ಅವರು ಮುಖ್ಯಮಂತ್ರಿಯಾದ ಮೇಲೆ ರೈತರು ಅದನ್ನೇ ಹಿಡಿದು ಕೂತರು. ಸಂಘಟನೆಗಳ ಒಕ್ಕೂಟವಾದ ಸಂಯುಕ್ತ ಹೋರಾಟ ಕರ್ನಾಟಕ, ನಟ ಪ್ರಕಾಶ್ ರಾಜ್ ಜೊತೆಯಾದರು. ಧರಣಿ ಬೆಂಗಳೂರಿನ ಫ್ರೀಡಂ ಪಾರ್ಕಿಗೂ ಹರಡಿತು. 2025ರ ಜುಲೈ 15ರಂದು, 1,198ನೇ ದಿನ, ಸ್ವಾಧೀನವನ್ನು ಪೂರ್ತಿ ಕೈಬಿಟ್ಟಿದ್ದೇವೆಂದು ಮುಖ್ಯಮಂತ್ರಿ ಘೋಷಿಸಿದರು. ಆಂಧ್ರದ ಸಚಿವ ನಾರಾ ಲೋಕೇಶ್ ತಡಮಾಡದೆ ವೈಮಾನಿಕ ಕಂಪನಿಗಳಿಗೆ ‘ನಮ್ಮಲ್ಲಿಗೆ ಬನ್ನಿ’ ಎಂದು ಕರೆ ಕೊಟ್ಟರು.

ಘೋಷಣೆಗೊಂದು ಬಾಲವೂ ಇತ್ತು: ತಾವಾಗಿ ಕೊಡುವವರ ಜಮೀನನ್ನು ಹೆಚ್ಚಿನ ಬೆಲೆಗೆ ಕೊಳ್ಳುತ್ತೇವೆ. ಕೊಡಲು ಮನಸ್ಸಿದ್ದವರೂ ಈ ಹಳ್ಳಿಗಳಲ್ಲಿ ಇಲ್ಲದಿಲ್ಲ. ಸಾಲ, ಮದುವೆ, ಬತ್ತಿದ ಬೋರ್‌ವೆಲ್ ಯಾವ ಮನೆಗೆ ತಪ್ಪಿದ್ದು? ಹದಿಮೂರು ಊರು ಒಟ್ಟಾಗಿ ‘ಕೊಡಲ್ಲ’ ಎಂದದ್ದನ್ನು ಇನ್ನು ಒಂದೊಂದು ಮನೆಯೂ ತಾನೇ ಹೇಳಬೇಕು, ಅದೂ ಏರಿದ ಬೆಲೆಯ ಎದುರು.