ಪಿಂಚಣಿ, ಗೃಹಲಕ್ಷ್ಮಿ, ಮನೆ ಸಹಾಯಧನ: ಅರ್ಜಿ ಹಾಕುವ ಮುನ್ನ ತಿಳಿದಿರಬೇಕಾದದ್ದು



ಈ ವರ್ಷದ ವರದಿಯಲ್ಲಿ ಜಮಾ ಖರ್ಚಿನ ಜೊತೆಗೆ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ನಮ್ಮಲ್ಲಿ ವಿದ್ಯಾರ್ಥಿವೇತನ ಪಡೆಯುವ ಹುಡುಗಿಯೊಬ್ಬಳ ತಾಯಿ ವಿಧವೆ. ಮೂರು ವರ್ಷ ರಂಜಾನ್ ತಿಂಗಳಲ್ಲಿ ಅವರ ಮನೆಗೆ ರೇಷನ್ ಕಿಟ್ ಕಳಿಸಿದೆವು, ಮಗಳ ಫೀಸು ಕಟ್ಟಿದೆವು. ಆದರೆ "ನಿಮಗೆ ವಿಧವಾ ವೇತನ ಬರುತ್ತಿದೆಯೇನಮ್ಮಾ?" ಎಂದು ಒಮ್ಮೆಯೂ ಕೇಳಲಿಲ್ಲ. ಈ ಸಲ ಅರ್ಜಿ ನಮೂನೆ ತುಂಬಿಸುವಾಗ ಕೇಳಿದೆವು. ಬರುತ್ತಿರಲಿಲ್ಲ. ಅವರು ಅರ್ಜಿಯನ್ನೇ ಹಾಕಿರಲಿಲ್ಲ.

ತಿಂಗಳಿಗೆ 800 ರೂಪಾಯಿಯಂತೆ ಮೂರು ವರ್ಷಕ್ಕೆ 28,800 ರೂಪಾಯಿ. ಪಿಂಚಣಿ ಮಂಜೂರಾದ ಮೇಲಷ್ಟೇ ಬರುತ್ತದೆ. ಕಳೆದುಹೋದ ತಿಂಗಳುಗಳದ್ದು ಸಿಗುವುದಿಲ್ಲ. ಆ ಹಣ ಹೋದಂತೆಯೇ. ಇನ್ನೊಂದು ಮನೆಯಲ್ಲಿ ಹೀಗಾಗಬಾರದೆಂದು ಈ ಲೇಖನ.

ಮೊದಲು ಸಂಕೋಚದ ಮಾತು

ನಮ್ಮ ಜನರಲ್ಲಿ ಎಷ್ಟೇ ಕಷ್ಟವಿದ್ದರೂ ಬಾಯಿಬಿಟ್ಟು ಕೇಳದ ಸಫೇದ್‌ಪೋಶ್ ಕುಟುಂಬಗಳು ಬಹಳ. ಆ ಮರ್ಯಾದೆಯನ್ನು ನಾವು ಗೌರವಿಸುತ್ತೇವೆ. ಆದರೆ ಸರ್ಕಾರದ ಪಿಂಚಣಿ ಭಿಕ್ಷೆಯಲ್ಲ. ಬೆಂಕಿಪೆಟ್ಟಿಗೆಯಿಂದ ಹಿಡಿದು ಬಟ್ಟೆಯವರೆಗೆ ಏನು ಕೊಂಡರೂ ಬಡವರೂ ತೆರಿಗೆ ಕಟ್ಟುತ್ತಾರೆ. ಕಾನೂನು ಅರ್ಹರಿಗೆಂದು ಇಟ್ಟ ಹಣವನ್ನು ಅರ್ಹರು ಕೇಳಿ ಪಡೆಯುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಯಾರಿಗೆ ಏನು?

ಗಂಡನನ್ನು ಕಳೆದುಕೊಂಡ ಬಡ ಮಹಿಳೆಗೆ ತಿಂಗಳಿಗೆ 800 ರೂ. ವಿಧವಾ ವೇತನವಿದೆ. 65 ವರ್ಷ ದಾಟಿದ ಬಡ ಹಿರಿಯರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 1,200 ರೂ. ಇದೆ. ಅಂಗವಿಕಲರಿಗೆ ವೈಕಲ್ಯದ ಪ್ರಮಾಣ ನೋಡಿ ಬೇರೆ ಪಿಂಚಣಿ ಇದೆ. ಇವೆಲ್ಲಕ್ಕೂ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಒಬ್ಬರಿಗೆ ಇವುಗಳಲ್ಲಿ ಒಂದೇ ಪಿಂಚಣಿ.

ಬಿಪಿಎಲ್ ಕುಟುಂಬದಲ್ಲಿ ದುಡಿಯುವ ವ್ಯಕ್ತಿ 60 ವರ್ಷಕ್ಕೆ ಮುಂಚೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದೇ ಸಲ 20,000 ರೂ. ಕೊಡುತ್ತಾರೆ. ಇದನ್ನು ತಿಳಿದವರು ಬಹಳ ಕಡಿಮೆ. ತಡಮಾಡದೆ ಅರ್ಜಿ ಹಾಕಿರಿ.

2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವ ಮಹಿಳೆಗೆ ತಿಂಗಳಿಗೆ 2,000 ರೂ. ಇದೆ. ಆಕೆ ಅಥವಾ ಆಕೆಯ ಗಂಡ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು. ಒಂದು ಕಾರ್ಡಿಗೆ ಒಬ್ಬರೇ ಯಜಮಾನಿ. ಅತ್ತೆಯವರು ತೀರಿಕೊಂಡರೆ ಸೊಸೆಯ ಹೆಸರು ಯಜಮಾನಿಯ ಜಾಗಕ್ಕೆ ಬರುವವರೆಗೆ ಆಕೆ ಅರ್ಜಿ ಹಾಕಲಾಗದು. ವಿಧವಾ ವೇತನ ಬರುವವರಿಗೂ ಗೃಹಲಕ್ಷ್ಮಿ ಉಂಟು. ಒಂದು ಬಂದರೆ ಇನ್ನೊಂದು ನಿಲ್ಲುವುದಿಲ್ಲ. ಎರಡೂ ಸೇರಿದರೆ ತಿಂಗಳಿಗೆ 2,800 ರೂ., ವರ್ಷಕ್ಕೆ 33,600 ರೂ.

ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ?

ನಾವು ಕಂಡಂತೆ ಅರ್ಹತೆ ಇದ್ದೂ ಹಣ ಬಾರದಿರಲು ಮುಖ್ಯ ಕಾರಣ ಹೆಸರು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜೈಬುನ್ನಿಸಾ, ರೇಷನ್ ಕಾರ್ಡಿನಲ್ಲಿ ಜೈನಾಬಿ, ಆಧಾರ್‌ನಲ್ಲಿ ಜೈಬುನ್ನಿಸಾ ಬೇಗಂ, ಬ್ಯಾಂಕಿನಲ್ಲಿ ಜೆ. ಬಾನು. ಮನೆಯವರಿಗೆ ಇವೆಲ್ಲ ಒಬ್ಬರೇ ಅಮ್ಮ. ಕಂಪ್ಯೂಟರಿಗೆ ನಾಲ್ವರು ಹೆಂಗಸರು. ಮೊಹಮ್ಮದ್, ಮಹಮ್ಮದ್, ಎಂ.ಡಿ. ಎಂದು ಬರೆದ ಗಂಡಸರ ಕಥೆಯೂ ಇದೇ. ಶಾಲೆಗಳಲ್ಲಿ ಹಾಜರಿ ಬರೆದ ನಮ್ಮಂಥ ಮೇಷ್ಟರುಗಳದ್ದೂ ಇದರಲ್ಲಿ ಪಾಲಿದೆ. ಕಿವಿಗೆ ಬಿದ್ದಂತೆ ಬರೆದುಬಿಟ್ಟೆವು.

ಆದ್ದರಿಂದ ಅರ್ಜಿ ಹಾಕುವ ಮೊದಲು ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಅಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ ನೋಡಿರಿ. ಕನ್ನಡದಲ್ಲಿಯೂ ನೋಡಿರಿ, ಇಂಗ್ಲಿಷಿನಲ್ಲಿಯೂ ನೋಡಿರಿ. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡು ಸಲ, ಹುಟ್ಟಿದ ತಾರೀಖು ತಿದ್ದಲು ಒಂದೇ ಸಲ ಅವಕಾಶ. ಅವಸರದಲ್ಲಿ ಆ ಅವಕಾಶ ಕಳೆದುಕೊಳ್ಳಬೇಡಿರಿ. ಮಕ್ಕಳ ಅಂಕಪಟ್ಟಿಯಲ್ಲಿ ತಾಯಿ ತಂದೆಯ ಹೆಸರು ಹೇಗಿದೆ ಎಂಬುದನ್ನೂ ನೋಡಿಯೇ ಯಾವುದನ್ನು ತಿದ್ದಬೇಕೆಂದು ನಿರ್ಧರಿಸಿ.

ಎರಡನೆಯ ತೊಡಕು ಬ್ಯಾಂಕ್ ಖಾತೆಯದು. ಹಣ ನೀವು ಪಾಸ್‌ಬುಕ್ ತೋರಿಸಿದ ಖಾತೆಗೇ ಬರುತ್ತದೆ ಎಂದಿಲ್ಲ. ನೇರ ವರ್ಗಾವಣೆಗೆ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಸಂಘದ ಸಾಲಕ್ಕೆಂದು ಎಲ್ಲೋ ತೆರೆದು ಮರೆತ ಖಾತೆಯಲ್ಲಿ ಹಣ ಕೂತಿದ್ದ ಉದಾಹರಣೆಗಳಿವೆ. ನಿಮ್ಮ ಬ್ಯಾಂಕಿಗೆ ಹೋಗಿ "ನನ್ನ ಆಧಾರ್ ಎನ್‌ಪಿಸಿಐನಲ್ಲಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ?" ಎಂದು ಕೇಳಿರಿ.

ಮೂರನೆಯದು ಮರಣ ಪ್ರಮಾಣಪತ್ರ. ಖಬರಸ್ತಾನ್ ಕಮಿಟಿಯ ಚೀಟಿ ಪ್ರಮಾಣಪತ್ರವಲ್ಲ. ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಒಂದು ವರ್ಷ ಮೀರಿದರೆ ಅಧಿಕಾರಿಯ ಆದೇಶ ತರಬೇಕಾಗುತ್ತದೆ. ಇದ್ದತ್ತಿನಲ್ಲಿರುವ ತಾಯಿಯನ್ನು ಇದಕ್ಕಾಗಿ ಅಲೆಸಬೇಕಿಲ್ಲ. ಮನೆಯ ಗಂಡಸರು, ನೆಂಟರು ಮುಂದೆ ನಿಂತು ಮಾಡಿಸಬೇಕಾದ ಕೆಲಸವಿದು.

ಮನೆಗಾಗಿ

ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಹಳ್ಳಿಗಳಲ್ಲಿ ಬಸವ ವಸತಿ, ಪಟ್ಟಣಗಳಲ್ಲಿ ವಾಜಪೇಯಿ ನಗರ ವಸತಿ ಯೋಜನೆಗಳಿವೆ. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆಯೂ ಇದೆ. ಕುಟುಂಬದವರ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು, ಮುಂಚೆ ಇಂಥ ನೆರವು ಪಡೆದಿರಬಾರದು. ಬಸವ ವಸತಿಯಲ್ಲಿ ಸಾಮಾನ್ಯವಾಗಿ ಮನೆ ಮಂಜೂರಾಗುವುದು ಮಹಿಳೆಯ ಹೆಸರಿಗೆ.

ಹಳ್ಳಿಯಲ್ಲಿ ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆ. ನಮ್ಮವರು, ಅದರಲ್ಲೂ ಹೆಂಗಸರು, ಗ್ರಾಮಸಭೆಗೆ ಹೋಗುವುದೇ ಅಪರೂಪ. ಸಭೆಯಲ್ಲಿ ಹೆಸರು ಬಾರದಿದ್ದರೆ ಪಟ್ಟಿಯಲ್ಲಿಯೂ ಬರುವುದಿಲ್ಲ. ಪಂಚಾಯಿತಿಯವರು ಸಭೆಯ ದಿನ ತಿಳಿಸಿದಾಗ ಹೋಗಿ, ಕೂತು, ನಿಮ್ಮ ಹೆಸರು ಹೇಳಿರಿ.

ನಿವೇಶನ ಇದ್ದವರು ಅದರ ದಾಖಲೆಯನ್ನು, ಹಳ್ಳಿಯಲ್ಲಾದರೆ ಇ-ಸ್ವತ್ತು ನಮೂನೆಯನ್ನು, ಮೊದಲು ಸರಿಮಾಡಿಕೊಳ್ಳಿ. ಮಾವನ ಹೆಸರಿನಲ್ಲೇ ಉಳಿದ ಜಾಗದ ಮೇಲೆ ಸೊಸೆಗೆ ಮನೆ ಮಂಜೂರಾಗುವುದು ಕಷ್ಟ. ಸಹಾಯಧನ ಒಟ್ಟಿಗೆ ಬರುವುದಿಲ್ಲ. ತಳಪಾಯ, ಗೋಡೆ, ಛಾವಣಿ, ಪೂರ್ಣ ಎಂದು ಹಂತ ಹಂತವಾಗಿ, ಕಟ್ಟಿದ ಭಾಗದ ಫೋಟೊ ತೆಗೆದ ಮೇಲೆ ಬರುತ್ತದೆ. ಅಂದರೆ ತಳಪಾಯದ ಖರ್ಚು ಮೊದಲು ನಿಮ್ಮ ಕೈಯಿಂದ. ಬಡ್ಡಿಗೆ ಸಾಲ ತಂದು ತಳಪಾಯ ಹಾಕಿ ಅಲ್ಲಿಯೇ ನಿಂತ ಮನೆಗಳನ್ನು ನೋಡಿದ್ದೇವೆ. ಇಂಥ ಕಡೆ ಟ್ರಸ್ಟಿನ ಬಡ್ಡಿರಹಿತ ಕೈಸಾಲ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ದಾನಿಗಳು ಇದನ್ನು ಗಮನಿಸಬೇಕೆಂದು ಕೋರುತ್ತೇವೆ.

ಕಚೇರಿಯಲ್ಲಿ

ಅರ್ಜಿ ಕೊಟ್ಟು ಬರಿಗೈಯಲ್ಲಿ ಬರಬೇಡಿರಿ. ಸಕಾಲ ಕಾಯ್ದೆಗೆ ಸೇರಿದ ಸೇವೆಗಳಿಗೆ ಸ್ವೀಕೃತಿ ಚೀಟಿ, ಅದರಲ್ಲೊಂದು ಸಂಖ್ಯೆ ಕೊಡಬೇಕು. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿರಿ. "ಆಗಲ್ಲ ಹೋಗಿ" ಎಂಬುದು ಕಾರಣವಲ್ಲ. ಬೇಗ ಮಾಡಿಸುತ್ತೇನೆಂದು ದುಡ್ಡು ಕೇಳುವ ಮಧ್ಯವರ್ತಿಗೆ ಆಧಾರ್ ಕಾರ್ಡಾಗಲಿ, ಒಟಿಪಿಯಾಗಲಿ ಕೊಡಬೇಡಿರಿ.

ಇನ್ನೊಂದು ಮಾತು. ಆದಾಯ ಪ್ರಮಾಣಪತ್ರಕ್ಕೆ ನಿಜವಾದ ವರಮಾನವನ್ನೇ ಹೇಳಿರಿ. ಸುಳ್ಳು ಹೇಳಿ ಪಡೆದ ನೆರವು ಇನ್ನೊಬ್ಬ ಬಡವನ ಪಾಲು. ಈ ಪತ್ರ ಐದು ವರ್ಷ ನಡೆಯುತ್ತದೆ. ಮಕ್ಕಳ ಸರ್ಕಾರಿ ವಿದ್ಯಾರ್ಥಿವೇತನಕ್ಕೂ ಇದರ ಆರ್‌ಡಿ ಸಂಖ್ಯೆಯೇ ಬೇಕು. ಆದ್ದರಿಂದ ಜೋಪಾನವಾಗಿಡಿ.

ದಾನಿಗಳಲ್ಲಿ ಅರಿಕೆ

"ಸರ್ಕಾರ ಕೊಡುವುದಾದರೆ ನಮ್ಮ ಝಕಾತ್ ಏಕೆ?" ಎಂದು ಕೆಲವರು ಕೇಳಿದ್ದಾರೆ. ಸರ್ಕಾರದ ಹಣ ಮನೆಯ ಅಕ್ಕಿ ಬೇಳೆಗೆ, ಬಾಡಿಗೆಗೆ ಆಸರೆಯಾದರೆ ನಿಮ್ಮ ಹಣ ಮಗುವಿನ ಓದಿಗೇ ಉಳಿಯುತ್ತದೆ. ಪಿಂಚಣಿ ಇಲ್ಲದ ಮನೆಯಲ್ಲಿ ನಾವು ಕೊಟ್ಟ ಫೀಸಿನ ಹಣ ಒಲೆಗೆ ಹೋಗುತ್ತದೆ, ಮಗು ಶಾಲೆ ಬಿಡುತ್ತದೆ. ತಾಯಿಯನ್ನು ದೂರುವಂತಿಲ್ಲ.

ಈ ವರ್ಷದಿಂದ ವಿದ್ಯಾರ್ಥಿವೇತನದ ನಮೂನೆಯಲ್ಲಿ ಒಂದು ಪುಟ ಸೇರಿಸಿದ್ದೇವೆ: ಮನೆಯಲ್ಲಿ ವಿಧವೆ, 65 ದಾಟಿದವರು, ಅಂಗವಿಕಲರು ಇದ್ದಾರೆಯೇ? ಪಿಂಚಣಿ ಬರುತ್ತಿದೆಯೇ? ಸ್ವಂತ ಮನೆ ಇದೆಯೇ? ಇದಕ್ಕೆ ಉತ್ತರ ಏನೇ ಇದ್ದರೂ ವಿದ್ಯಾರ್ಥಿವೇತನ ಕಡಿಮೆಯಾಗುವುದಿಲ್ಲ. ಭಯವಿಲ್ಲದೆ ಬರೆಯಿರಿ. ಭಾನುವಾರ ಅಸರ್ ನಮಾಜಿನ ನಂತರ ಟ್ರಸ್ಟಿನ ಕಚೇರಿಗೆ ಕಾಗದಗಳನ್ನು ತಂದರೆ ಕೂತು ಹೋಲಿಸಿ ನೋಡಿ, ಅರ್ಜಿ ಬರೆದುಕೊಡುತ್ತೇವೆ. ಓದಿದ ಯುವಕ ಯುವತಿಯರು ವಾರಕ್ಕೊಂದು ತಾಸು ಕೊಟ್ಟರೆ ಅದೂ ಸದಖಾವೇ.

ಆ ತಾಯಿಯ ಅರ್ಜಿ ಈಗ ಮಂಜೂರಾಗಿದೆ. ಮೊದಲ ಸಲ ಹಣ ಬಂದ ದಿನ ಅವರು ಕಚೇರಿಗೆ ಬಂದು ಪಾಸ್‌ಬುಕ್ ತೋರಿಸಿದರು. ನಮಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಮೂರು ವರ್ಷ ಮುಂಚೆಯೇ ಕೇಳಬೇಕಾಗಿತ್ತು. ನಿಮ್ಮ ಬೀದಿಯಲ್ಲಿಯೂ ಕೇಳದೆ ಉಳಿದ ಇಂಥ ಮನೆಯೊಂದು ಇರಬಹುದು. ದಯವಿಟ್ಟು ಹೋಗಿ ಕೇಳಿರಿ. ಅಲ್ಲಾಹನು ನಿಮ್ಮ ದಾನವನ್ನೂ ಶ್ರಮವನ್ನೂ ಸ್ವೀಕರಿಸಲಿ. ಆಮೀನ್.