ಹಲ್ಲು ಹೋದ ಮೇಲೆ ಜಗಿಯುವ ಬಲ ಎಲ್ಲಿಗೆ?

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆ ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಕಡಲೆಯೂ ಇತ್ತು, ಹಲ್ಲಿನ ಸೆಟ್ಟೂ ಇತ್ತು. ಆದರೂ ಜಗಿಯಲು ಆಗುತ್ತಿರಲಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಸೆಟ್ಟು ಕಟ್ಟಿಸಿಕೊಂಡ ನನ್ನ ತಾಯಿಯವರು ಮೇಲಿನದನ್ನು ಹಾಕಿಕೊಂಡು, ಕೆಳಗಿನದನ್ನು ಲೋಟದ ನೀರಿನಲ್ಲೇ ಬಿಟ್ಟುಬಿಡುತ್ತಿದ್ದರು. “ಮೇಲಿನದು ಕೂತ್ಕೊಳ್ಳುತ್ತೆ ಕಣೋ, ಕೆಳಗಿನದು ಈಜಾಡುತ್ತೆ” ಎಂಬುದು ಅವರ ದೂರು. ಕೋಸಂಬರಿ, ಸೌತೆಕಾಯಿ, ರೊಟ್ಟಿ ಒಂದೊಂದಾಗಿ ಅವರ ತಟ್ಟೆಯಿಂದ ಮರೆಯಾದವು.

ಗುರುತ್ವ ಬಲವನ್ನು ನೆನೆದರೆ ಬೀಳಬೇಕಾದದ್ದು ಮೇಲಿನ ಸೆಟ್ಟು! ಹಾಗಾದರೆ ಈ ತಿರುವುಮುರುವು ಏಕೆ? ‘ಜಗಿಯುವಾಗ ಉಂಟಾಗುವ ಬಲ ಎಲ್ಲಿಗೆ ಹೋಗುತ್ತದೆ?’ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟರೆ ಇದಕ್ಕೆ ಉತ್ತರ ಸಿಗುತ್ತದೆ. ಹಲ್ಲು ಕಳೆದುಕೊಂಡವರ ಮುಂದಿರುವ ದಾರಿಗಳ ಗುಣದೋಷಗಳೂ ತಿಳಿಯುತ್ತವೆ.

ನಿಸರ್ಗದ ಏರ್ಪಾಡು

ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ದವಡೆಗೆ ಅಂಟಿಕೊಂಡಿಲ್ಲ. ಬೇರು ಮತ್ತು ಮೂಳೆಯ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರುಗಳ ಪದರವಿದೆ. ಇದು ಜಗಿತದ ಆಘಾತವನ್ನು ಹೀರಿಕೊಳ್ಳುತ್ತದೆ, ಅನ್ನದಲ್ಲಿ ಸಿಕ್ಕ ಕಲ್ಲಿನ ಸುಳಿವನ್ನು ಮೆದುಳಿಗೆ ಮುಟ್ಟಿಸುತ್ತದೆ. ಆರೋಗ್ಯವಂತರ ದವಡೆಹಲ್ಲುಗಳ ನಡುವೆ ಗರಿಷ್ಠ 500ರಿಂದ 700 ನ್ಯೂಟನ್ ಬಲ ಉಂಟಾಗಬಲ್ಲದು. ಈ ಬಲ ನಾರುಗಳ ಮೂಲಕ ಮೂಳೆಗೆ ತಲುಪುತ್ತದೆ. ದವಡೆಯ ಮೂಳೆ ಗಟ್ಟಿಯಾಗಿ ಉಳಿಯುವುದು ಈ ದಿನನಿತ್ಯದ ಎಳೆತದಿಂದಲೇ. ಹಲ್ಲು ಹೋದ ಜಾಗದ ಮೂಳೆ ಕೆಲಸವಿಲ್ಲದೆ ವರ್ಷ ವರ್ಷವೂ ಸವೆಯುತ್ತದೆ.

ತೆಗೆದಿಡುವ ದಂತಪಂಕ್ತಿ

ಅಕ್ರಿಲಿಕ್ ದಂತಪಂಕ್ತಿಯಲ್ಲಿ ಬಲವೆಲ್ಲ ಒಸಡಿನ ಮೇಲೆ ಬೀಳುತ್ತದೆ. ಒಸಡು ಆ ಕೆಲಸಕ್ಕೆ ರೂಪುಗೊಂಡದ್ದಲ್ಲ. ಹಾಗಾಗಿ ಪೂರ್ಣ ಸೆಟ್ಟು ಧರಿಸಿದವರ ಕಚ್ಚುವ ಬಲ ಸಹಜ ಹಲ್ಲಿನವರ ಬಲದ ನಾಲ್ಕು ಅಥವಾ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಸೆಟ್ಟನ್ನು ಹಿಡಿದಿಡುವುದು ಲಾಲಾರಸದ ತೆಳು ಪದರ. ಎರಡು ಗಾಜಿನ ಸ್ಲೈಡುಗಳ ನಡುವೆ ಒಂದು ಹನಿ ನೀರು ಹಾಕಿ ಒತ್ತಿ. ನೇರವಾಗಿ ಎಳೆದರೆ ಅವು ಬಿಡಿಸಿಕೊಳ್ಳಲು ಒಪ್ಪುವುದಿಲ್ಲ. ಪಕ್ಕಕ್ಕೆ ತಳ್ಳಿದರೆ ಸುಲಭವಾಗಿ ಜಾರುತ್ತವೆ. ಇಲ್ಲಿ ಮೇಲ್ಮೈ ಎಳೆತದ ಜೊತೆಗೆ ದ್ರವದ ಸ್ನಿಗ್ಧತೆಯೂ ಕೆಲಸ ಮಾಡುತ್ತದೆ. ಭೌತವಿಜ್ಞಾನಿ ಜೋಸೆಫ್ ಸ್ಟೆಫಾನ್ 1874ರಲ್ಲಿ ತೋರಿಸಿದಂತೆ, ಎರಡು ತಟ್ಟೆಗಳನ್ನು ನಿರ್ದಿಷ್ಟ ವೇಗದಲ್ಲಿ ಬೇರ್ಪಡಿಸಲು ಬೇಕಾದ ಬಲ ದ್ರವಪದರದ ದಪ್ಪದ ಘನಕ್ಕೆ ವಿಲೋಮವಾಗಿರುತ್ತದೆ. ತಟ್ಟೆಗಳು ದುಂಡಗಿದ್ದರೆ ಆ ಬಲ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಲೋಮ. ಅಂದರೆ ಸೆಟ್ಟು ಸಡಿಲಗೊಂಡು ಪದರ ಇಮ್ಮಡಿ ದಪ್ಪವಾದರೆ ಹಿಡಿತ ಎಂಟನೆಯ ಒಂದು ಪಾಲಿಗೆ ಕುಸಿಯುತ್ತದೆ!

ಮೇಲಿನ ಸೆಟ್ಟಿಗೆ ಇಡೀ ಅಂಗುಳದ ಆಸರೆಯಿದೆ. ಅದರ ಆಧಾರ ಕ್ಷೇತ್ರ ಸರಾಸರಿ 23 ಚದರ ಸೆಂಟಿಮೀಟರ್. ಕುದುರೆಲಾಳದ ಆಕಾರದ ಕೆಳಸೆಟ್ಟಿಗೆ ಸಿಗುವುದು ಸುಮಾರು 12 ಮಾತ್ರ. ಅದರ ಅಂಚುಗಳು ಲಾಲಾರಸದಲ್ಲೇ ಮುಳುಗಿರುವುದರಿಂದ ಮೇಲ್ಮೈ ಎಳೆತದ ನೆರವೂ ಬಹುಪಾಲು ತಪ್ಪುತ್ತದೆ. ಸಾಲದೆಂಬಂತೆ ನಾಲಿಗೆ ಮತ್ತು ಕೆನ್ನೆ ಅದನ್ನು ಪಕ್ಕಕ್ಕೆ ತಳ್ಳುತ್ತಲೇ ಇರುತ್ತವೆ. ವಯಸ್ಸಾದವರು ಸೇವಿಸುವ ಹಲವು ಔಷಧಿಗಳು ಲಾಲಾರಸವನ್ನು ಕಡಿಮೆ ಮಾಡುತ್ತವೆ. ಕೆಳದವಡೆಯ ಮೂಳೆ ಮೇಲಿನದಕ್ಕಿಂತ ಬೇಗ ಸವೆಯುತ್ತದೆ. ‘ಈಜಾಡುತ್ತೆ’ ಎಂಬ ಮಾತು ಅಕ್ಷರಶಃ ಸತ್ಯ.

ಸೇತುವೆ

ಒಂದೆರಡು ಹಲ್ಲು ಮಾತ್ರ ಹೋಗಿದ್ದರೆ ಅಕ್ಕಪಕ್ಕದ ಹಲ್ಲುಗಳನ್ನು ಅರೆದು, ಅವುಗಳ ಮೇಲೆ ‘ಬ್ರಿಡ್ಜ್’ ಕೂರಿಸಬಹುದು. ಇಲ್ಲಿ ಕಾಣೆಯಾದ ಹಲ್ಲಿನ ಹೊರೆಯನ್ನು ನೆರೆಯ ಹಲ್ಲುಗಳು ಹೊರುತ್ತವೆ. ತೊಲೆಯ ನಿಯಮ ನೆನಪಿಸಿಕೊಳ್ಳಿ: ಬಾಗುವಿಕೆ ಉದ್ದದ ಘನಕ್ಕೆ ಅನುಲೋಮ. ಒಂದು ಹಲ್ಲಿನ ಅಂತರವಿದ್ದದ್ದು ಎರಡಾದರೆ ಬಾಗುವಿಕೆ ಎಂಟು ಪಟ್ಟು, ಮೂರಾದರೆ ಇಪ್ಪತ್ತೇಳು ಪಟ್ಟು. ಆದ್ದರಿಂದಲೇ ಉದ್ದ ಸೇತುವೆಗಳು ವಿವೇಕವಲ್ಲ. ನೆರೆಯ ಹಲ್ಲೇ ಅಲುಗಾಡುತ್ತಿದ್ದರಂತೂ ಈ ದಾರಿ ಬೇಡ.

ಟೈಟಾನಿಯಂ ಬೇರು

ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ 1952ರಲ್ಲಿ ಮೊಲದ ಮೂಳೆಯೊಳಗೆ ಟೈಟಾನಿಯಂ ಉಪಕರಣವಿಟ್ಟು ರಕ್ತಸಂಚಾರವನ್ನು ಗಮನಿಸುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಉಪಕರಣ ಹೊರಬರಲೇ ಇಲ್ಲ. ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಅವರು ಮನುಷ್ಯನ ದವಡೆಯಲ್ಲಿ ಟೈಟಾನಿಯಂ ತಿರುಪುಗಳನ್ನು ನೆಟ್ಟರು. ಇಂದಿನ ‘ಇಂಪ್ಲಾಂಟ್’ಗಳ ಮೂಲ ಇದು. ಲೋಹದ ಮೇಲಿನ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರದಿಂದಾಗಿ ದೇಹ ಅದನ್ನು ಸಹಿಸಿಕೊಳ್ಳುತ್ತದೆ.

ಇಲ್ಲಿ ಬಲ ನೇರವಾಗಿ ಮೂಳೆಗೆ ಹೋಗುತ್ತದೆ. ಮೂಳೆಯ ಸವೆತ ತಗ್ಗುತ್ತದೆ. ಆದರೆ ನಾರಿನ ಪದರವಿಲ್ಲ. ಹೊರೆ ಬಿದ್ದಾಗ ಸಹಜ ಹಲ್ಲು 25ರಿಂದ 100 ಮೈಕ್ರೊಮೀಟರ್ ಇಳಿದರೆ, ಇಂಪ್ಲಾಂಟ್ ಇಳಿಯುವುದು ಮೂರರಿಂದ ಐದು ಮಾತ್ರ. ಹೀಗಾಗಿ ಕಚ್ಚುವಿಕೆಯ ಹೊಂದಾಣಿಕೆ ಅತಿ ನಿಖರವಾಗಿರಬೇಕು. ಇದಕ್ಕೆ ವಯಸ್ಸೊಂದೇ ಅಡ್ಡಿಯಲ್ಲ. ಹತೋಟಿಯಲ್ಲಿಲ್ಲದ ಮಧುಮೇಹ, ಧೂಮಪಾನ, ದವಡೆಗೆ ಪಡೆದ ವಿಕಿರಣ ಚಿಕಿತ್ಸೆ, ಮೂಳೆ ಸವೆತಕ್ಕೆ ಸೇವಿಸುವ ಕೆಲವು ಔಷಧಿಗಳು ತೊಂದರೆ ತರಬಲ್ಲವು. ವೆಚ್ಚವೂ ಹೆಚ್ಚು.

ನಡುವಿನ ದಾರಿ

ಬಾಯಿತುಂಬ ಇಂಪ್ಲಾಂಟ್ ಬೇಕಿಲ್ಲ. ಕೆಳದವಡೆಯ ಮುಂಭಾಗದಲ್ಲಿ ಎರಡೇ ಎರಡು ನೆಟ್ಟು, ಅಂಗಿಯ ಗುಂಡಿಯಂತೆ ಸೆಟ್ಟನ್ನು ಅವಕ್ಕೆ ಸಿಕ್ಕಿಸಬಹುದು. ರಾತ್ರಿ ತೆಗೆಯಬಹುದು, ಹಗಲು ಈಜಾಡದು. ಹಲ್ಲೇ ಇಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಅಭಿಪ್ರಾಯಪಟ್ಟರು.

ಅದು ಕೈಗೆಟುಕದಿದ್ದರೆ, ಸಡಿಲವಾದ ಸೆಟ್ಟಿನ ಒಳಮೈಗೆ ಹೊಸ ಪದರ ಕೊಡಿಸುವುದರಿಂದಲೂ ಹಿಡಿತ ಸುಧಾರಿಸುತ್ತದೆ. ಸ್ಟೆಫಾನರ ಘನ ನಿಯಮ ಆಗ ನಮ್ಮ ಪರವಾಗಿ ಕೆಲಸ ಮಾಡುತ್ತದೆ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಸಾಧನಗಳ ಪಟ್ಟಿಯಲ್ಲಿ ದಂತಪಂಕ್ತಿಯೂ ಸೇರಿದೆ. ಸೆಟ್ಟನ್ನು ರಾತ್ರಿ ತೆಗೆದು, ತೊಳೆದು, ತಣ್ಣೀರಿನಲ್ಲಿಡಬೇಕು. ಬಿಸಿನೀರು ತಾಗಿದರೆ ಅಕ್ರಿಲಿಕ್ ಸೊಟ್ಟಗಾಗುತ್ತದೆ.

ಮೇಲ್ಮೈ ಎಳೆತ, ಸ್ನಿಗ್ಧತೆಗಳನ್ನು ವರ್ಷಗಟ್ಟಲೆ ಪಾಠ ಮಾಡಿದ ನಾನೇ, ತಾಯಿಯ ದೂರನ್ನು ‘ಅಭ್ಯಾಸವಾದರೆ ಸರಿಹೋಗುತ್ತೆ’ ಎಂದು ತಳ್ಳಿಹಾಕಿದ್ದೆ. ನಿಮ್ಮ ಮನೆಯ ಹಿರಿಯರು ಸೆಟ್ಟನ್ನು ಲೋಟದಲ್ಲೇ ಬಿಡುತ್ತಿದ್ದರೆ ಅದು ಹಠವಲ್ಲ. ಒಮ್ಮೆ ಅವರ ತಟ್ಟೆಯನ್ನು ನೋಡಿ, ಆಮೇಲೆ ದಂತವೈದ್ಯರ ಬಳಿಗೆ ಕರೆದೊಯ್ಯಿರಿ.